ಸೋಲಾರ್ ಇದ್ದ ಮನಿಗೆ ಕಟಗಿ ಬಂಬ ಜೋಡಿಸಬೇಕಾಗೈತಿ, ಪ್ಲಂಬರ್ ಹೇಳಿದ್ದು ಸರಿ ಐತೇನ್ರಿ?

ಹಿತ್ತಲಮನಿ, ಜೂನ್ 22

ನಮಸ್ಕಾರ್ರಿ ಎಲ್ಲಾರಿಗೂ. ಮನಿ ಬೆಳಗಾವಿ, ಟಿಳಕವಾಡಿ ಕಡೆ. ಕೆಳಗೊಂದು ಮ್ಯಾಲೊಂದು ಅಂತಸ್ತು, ತಾರಸಿ ಮ್ಯಾಲ 200 ಲೀಟರಿನ ಸೋಲಾರ್, ಗಾಜಿನ ಕೊಳವಿ ಇರೂದು. ಎಂಟು ವರ್ಷ ಆತು, ಅದರ ಮ್ಯಾಲ ನಂದೇನೂ ತಕರಾರಿಲ್ಲ. ದೀಪಾವಳಿಯಿಂದ ಕಾರಹುಣ್ಣಿಮಿ ತನಕ ಸುಡುಸುಡು ನೀರು. ಆದ್ರ ಈ ಊರ ಮಳಿ ನಿಮಗ ಗೊತ್ತೈತಲ್ಲ, ಜೂನದಾಗ ಮಾಡ ಮುಚ್ಚಿತಂದ್ರ ಗಣಪತಿ ಕಳಿಸೂತನಕ ತೆರಿಯೂದಿಲ್ಲ.

ಆಗ ಸೋಲಾರ್ ಟ್ಯಾಂಕಿನ್ಯಾಗಿನ 2 ಕಿಲೋವ್ಯಾಟಿನ ಕಾಯಿಲ್ ಹಚ್ಚತೀವಿ. ಉಳಿದ ತಿಂಗಳು ಗೃಹಜ್ಯೋತಿಯಾಗ ಬಿಲ್ಲು ಸೊನ್ನಿ. ಕಾಯಿಲ್ ಹಚ್ಚಿದ ತಿಂಗಳು 200 ಯೂನಿಟ್ ದಾಟತೈತಿ. ದಾಟಿತಂದ್ರ ಬರೇ ಹೆಚ್ಚಿನ ಯೂನಿಟ್ಟಿಗಲ್ಲ, ಪೂರಾ ಬಿಲ್ಲಿಗೆ ರೊಕ್ಕ ಕಟ್ಟಬೇಕು. ಹೋದ ವರ್ಷ ಮೂರು ತಿಂಗಳು ಹಂಗ ಆತು.

ಖಾನಾಪುರ ಹಾದ್ಯಾಗ ಸಣ್ಣ ಹೊಲ ಐತಿ. ಮಾವಿನ ಟೊಂಗಿ, ನೀಲಗಿರಿ ಕಡದದ್ದು ಒಂದು ಟ್ರ್ಯಾಕ್ಟರ್ ಕಟಗಿ ಸುಮ್ನ ಬಿದ್ದೈತಿ. ಹಿತ್ತಲದಾಗ ಪತ್ರಾ ಶೆಡ್ಡಿನ ಕೆಳಗ 100 ಲೀಟರಿನ ಕಟಗಿ ಬಾಯ್ಲರ್ (ನಮ್ಮ ಮಂದಿ ಬಂಬ ಅಂತಾರ) ಇಟ್ಟು, ಈಗಿರೋ ಬಿಸಿನೀರಿನ ಪೈಪಿಗೇ ಜೋಡಿಸಿದ್ರ ಮ್ಯಾಲಿನ ಬಚ್ಚಲಕ್ಕೂ ಕೆಳಗಿನ ಬಚ್ಚಲಕ್ಕೂ ಅದೇ ನಳದಾಗ ನೀರು ಬರಬೇಕು ಅಂತ ವಿಚಾರ.

ಪ್ಲಂಬರ್ ಬಂದು ನೋಡಿ ಹೋದ. "ಅಣ್ಣಾ, ಪೈಪಿಗೆ ಒಂದು ಟೀ, ಮೂರು ಬಾಯಿಯ ಜೋಡು, ಹಾಕೂನು. ಬಾಯ್ಲರ್ ನೀರು ಸೋಲಾರಿಗೆ ಹೋಗಬಾರದು, ಸೋಲಾರ್ ನೀರು ಬಾಯ್ಲರಿಗೆ ಬರಬಾರದು, ಅದಕ್ಕ ಅಲ್ಲೊಂದು ಇಲ್ಲೊಂದು ಎನ್‌ಆರ್‌ವಿ, ಅಂದ್ರ ನೀರನ್ನ ಒಂದೇ ಕಡೆ ಬಿಡೂ ವಾಲ್ವ್. ತಣ್ಣೀರ ಕಡೆನೂ ಒಂದು. ಅರ್ಧಾ ದಿನದ ಕೆಲಸ" ಅಂದ. ಕೇಳಾಕ ಸರಿ ಅನಸ್ತೈತಿ, ಆದ್ರ ರಾತ್ರಿ ನಿದ್ದಿ ಬರವಲ್ದು. ಯಾರರ ಮಾಡ್ಸೀರೇನು?


ಕ್ಯಾಂಪಿನ ಕಾಕಾ, ಜೂನ್ 22

ತಮ್ಮಾ, ಎಲ್ಲಾ ಕಡೆ ಎನ್‌ಆರ್‌ವಿ ಹಾಕಿದ್ರ ಅದು ಬಂಬ ಅಲ್ಲ, ಬಾಂಬ್. ಪ್ಲಂಬರನ ಕೈ ಹಿಡದು ನಿಲ್ಲಸು. ಮುಂಜಾನೆ ಬರೀತೀನಿ, ಈಗ ಕನ್ನಡಕ ಸಿಗವಲ್ದು.


ಲೆಕ್ಕದ ವಹಿ, ಜೂನ್ 22

ಜೋಡಿಸೋ ಮಾತು ಆಮೇಲೆ. ಮೊದಲು ಲೆಕ್ಕ ಹಾಕೋಣ. 100 ಲೀಟರ್ ನೀರನ್ನು 22 ಡಿಗ್ರಿಯಿಂದ 55ಕ್ಕೆ ಕಾಯಿಸಲು 3,300 ಕಿಲೋಕ್ಯಾಲರಿ ಬೇಕು. ಕರೆಂಟಿನಲ್ಲಿ ಅದು 3.8 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ದಿನಕ್ಕೆ 23 ರೂಪಾಯಿ.

ಒಣಗಿದ ಕಟ್ಟಿಗೆ ಕಿಲೋಗೆ ಸುಮಾರು 3,500 ಕಿಲೋಕ್ಯಾಲರಿ ಕೊಡುತ್ತದೆ. ಆದರೆ ಮನೆಯ ಬಾಯ್ಲರಿನಲ್ಲಿ ಅದರ ಮೂರರಲ್ಲೊಂದು ಪಾಲು ನೀರಿಗೆ ಹೋದರೆ ಪುಣ್ಯ, ಮಿಕ್ಕಿದ್ದು ಚಿಮಣಿಯಲ್ಲಿ. ಅಂದರೆ ದಿನಕ್ಕೆ 3 ಕಿಲೋ ಕಟ್ಟಿಗೆ. ಕಿಲೋಗೆ 8 ರೂಪಾಯಿ ಕೊಟ್ಟು ತಂದರೆ 24 ರೂಪಾಯಿ. ಕರೆಂಟಿಗಿಂತ ಒಂದು ರೂಪಾಯಿ ತುಟ್ಟಿ, ಮೇಲೆ ಹೊಗೆ, ಬೂದಿ, ಬಾಯ್ಲರಿನ ಖರ್ಚು.

ನಿಮಗೆ ಕಟ್ಟಿಗೆ ಪುಕ್ಕಟೆ ಇದೆ, ಗೃಹಜ್ಯೋತಿಯ ಗಡಿ ಇದೆ, ಹಾಗಾಗಿ ನಿಮ್ಮ ಲೆಕ್ಕ ಬೇರೆ. ಕಾಯಿಲ್ ಒಂದೇ ತಿಂಗಳಿಗೆ 115 ಯೂನಿಟ್ ತಿನ್ನುತ್ತದೆ, ಮನೆಯ ಉಳಿದ ಖರ್ಚು 120 ಇದ್ದರೂ 200 ದಾಟಿತು. ಕಟ್ಟಿಗೆ ಕೊಂಡು ಉರಿಸುವವರು ಮಾತ್ರ ಈ ಚರ್ಚೆ ಓದಿ ಹುರುಪಿಗೆ ಬೀಳಬೇಡಿ.


ಹಿತ್ತಲಮನಿ, ಜೂನ್ 23

ನಮ್ಮ ಉಳಿದ ಖರ್ಚು 130ರ ಹತ್ರ ಐತ್ರಿ. ಲೆಕ್ಕ ಬರೋಬರಿ ಕುಂತತು. ಕಾಕಾರ, ಕನ್ನಡಕ ಸಿಕ್ಕತೇನ್ರಿ?


ಕ್ಯಾಂಪಿನ ಕಾಕಾ, ಜೂನ್ 23

ಸಿಕ್ಕತಪಾ, ತಲಿ ಮ್ಯಾಗ ಇತ್ತು.

ಮೊದಲ ಹಳೇ ಬಂಬ ಹೆಂಗಿರತಿತ್ತು ಅದನ್ನ ಹೇಳತೀನಿ, ಆಗ ನಿನ್ನ ಪ್ಲಂಬರ್ ಎಲ್ಲಿ ತಪ್ಪ್ಯಾನ ಅನ್ನೂದು ತಾನ ತಿಳಿತೈತಿ. ನಮ್ಮವ್ವನ ಬಂಬ ತಾಮ್ರದ್ದು, ನಾಕು ಕೊಡ ನೀರು ಹಿಡೀತಿತ್ತು. ನಡುವ ಒಂದು ಕೊಳವಿ, ಅದರಾಗ ಮ್ಯಾಲಿಂದ ಕಟಗಿ ಚಕ್ಕಿ, ಇದ್ದಲಿ ಹಾಕೂದು. ಕೆಳಗ ಜಾಳಗಿ, ಬೂದಿ ಅಲ್ಲೆ ಬೀಳತಿತ್ತು. ಕೊಳವಿ ಸುತ್ತ ನೀರು. ಮ್ಯಾಲ ಒಂದು ಲಾಳಿಕಿ, ಬಗಲಿಗೆ ನಳ. ಲಾಳಿಕ್ಯಾಗ ಒಂದು ತಂಬಿಗಿ ತಣ್ಣೀರು ಸುರುವಿದ್ರ ಅದು ತಳಕ್ಕ ಹೋಗಿ ಕೂಡ್ರತಿತ್ತು, ನಳದಾಗ ಒಂದು ತಂಬಿಗಿ ಬಿಸಿನೀರು ತಾನ ಹೊರಗ ಬರತಿತ್ತು. ಕೊಟ್ಟಷ್ಟ ಕೊಡತಿತ್ತು, ಒಂದ್ ಹನಿ ಜಾಸ್ತಿ ಇಲ್ಲ.

ಈಗ ವಿಚಾರ ಮಾಡು. ಆ ಲಾಳಿಕಿ ಬಾಯಿ ಯಾವಾಗ್ಲೂ ತೆರದ ಇರತಿತ್ತು. ನೀರು ಕುದ್ರ ಉಗಿ ಅಲ್ಲಿಂದ ಹೋಗತಿತ್ತು, ಉಬ್ಬಿದ್ರ ಅಲ್ಲಿಂದ ಚೆಲ್ಲತಿತ್ತು. ಐವತ್ತು ವರ್ಷ ಅದಕ್ಕ ಒಂದು ವಾಲ್ವ್ ಅನ್ನೂದು ಇರಲಿಲ್ಲ. ನಿನ್ನ ಪ್ಲಂಬರ್ ಆ ಬಾಯಿನ ಮುಚ್ಚಾಕ ಹೊಂಟಾನ.


18ರ ಪಾನಾ, ಜೂನ್ 23

ನಾನು ಉದ್ಯಮಬಾಗದಲ್ಲಿ ಫ್ಯಾಬ್ರಿಕೇಶನ್ ಕೆಲಸದವನು. ಕಾಕಾರು ಹೇಳಿದ್ದಕ್ಕೆ ಅಳತೆ ಸೇರಿಸುತ್ತೇನೆ.

100 ಲೀಟರ್ ನೀರು 25ರಿಂದ 85 ಡಿಗ್ರಿಗೆ ಏರಿದರೆ ಹತ್ತಿರಹತ್ತಿರ 3 ಲೀಟರ್ ಉಬ್ಬುತ್ತದೆ. ನಳ ಬಂದ್ ಇದ್ದಾಗ, ತಣ್ಣೀರ ಕಡೆ ಎನ್‌ಆರ್‌ವಿ, ಸೋಲಾರ್ ಕಡೆ ಎನ್‌ಆರ್‌ವಿ ಇದ್ದರೆ ಆ 3 ಲೀಟರ್ ಎಲ್ಲಿಗೆ ಹೋಗಬೇಕು? ನೀರನ್ನು ಹಿಂಡಿ ಸಣ್ಣದು ಮಾಡಲು ಬರುವುದಿಲ್ಲ. ಹಾಗಾಗಿ ಬಾಯ್ಲರಿನ ತಗಡೇ ಉಬ್ಬುತ್ತದೆ. ಕುದಿಯುವ ಹಂತ ದಾಟಿ ವೆಲ್ಡಿಂಗ್ ಬಿಟ್ಟಿತೆಂದರೆ ಒಳಗಿನ ನೀರಿನ ಒಂದು ಪಾಲು ಒಮ್ಮೆಲೇ ಉಗಿಯಾಗುತ್ತದೆ. ಒಂದು ಲೀಟರ್ ನೀರಿಗೆ ಸುಮಾರು 1,600 ಲೀಟರ್ ಉಗಿ.

ಗೀಸರಿಗೆ ಎನ್‌ಆರ್‌ವಿ ಹಾಕುತ್ತಾರಲ್ಲ ಎಂದು ನಿಮ್ಮ ಪ್ಲಂಬರ್ ಕೇಳಬಹುದು. ಗೀಸರಿಗೆ ಥರ್ಮೋಸ್ಟಾಟ್ ಇದೆ, ನೀರು ಕಾದೊಡನೆ ಕರೆಂಟ್ ಕಟ್ ಆಗುತ್ತದೆ. ಅದರ ಮೇಲೆ ಸೇಫ್ಟಿ ವಾಲ್ವ್ ಬೇರೆ. ಒಲೆಯಲ್ಲಿ ಹಾಕಿದ ಕೊರಡು ನೀರು ಕಾಯಿತು ಎಂದು ಆರುವುದಿಲ್ಲ.

ಆದ್ದರಿಂದ ಬಾಯ್ಲರಿನ ನೆತ್ತಿಯಿಂದ ಒಂದು ಇಂಚಿನ ಜಿಐ (ಸತು ಲೇಪದ ಕಬ್ಬಿಣದ) ಪೈಪು ನೆಟ್ಟಗೆ ಮೇಲಕ್ಕೆ ಹೋಗಬೇಕು, ತುದಿ ತೆರೆದಿರಬೇಕು, ನಡುವೆ ಯಾವ ವಾಲ್ವೂ ಇರಕೂಡದು. ನಿಮ್ಮ ಸೋಲಾರ್ ಟ್ಯಾಂಕಿನ ಮೇಲೂ ಇಂಥದ್ದೇ ಏರ್ ವೆಂಟ್ ಇದೆ, ಹೋಗಿ ನೋಡಿ.


ಹಿತ್ತಲಮನಿ, ಜೂನ್ 23

ನೋಡಿ ಬಂದೆ ಸರ್ರ. ಐತಿ, ಮ್ಯಾಲ ಕೊಕ್ಕಿ ಗತೆ ಬಗ್ಗೈತಿ. ಎಂಟು ವರ್ಷ ಅದನ್ನ ಟಿವಿ ಆಂಟೆನಾದ ಕಂಬ ಅಂತ ತಿಳದಿದ್ದೆ.

ಆದ್ರ ಹಿತ್ತಲದಿಂದ ತಾರಸಿ ಟಾಕಿ ತನಕ ಅಂದ್ರ 8 ಮೀಟರ್ ಪೈಪ್ ಆಗತೈತಿ. ಬಾಯ್ಲರ್ ಮ್ಯಾಲ ನಾಕು ಫೂಟಿಗೆ ಬಿಟ್ರ ನಡಿಯೂದಿಲ್ಲೇನು?


18ರ ಪಾನಾ, ಜೂನ್ 23

ನಡೆಯುವುದಿಲ್ಲ. ತಾರಸಿ ಟಾಕಿಯ ನೀರು ತನ್ನ ಮಟ್ಟ ಹುಡುಕುತ್ತದೆ. ನಾಲ್ಕು ಫೂಟಿಗೆ ಬಾಯಿ ಬಿಟ್ಟರೆ ಟಾಕಿ ಖಾಲಿಯಾಗುವ ತನಕ ನಿಮ್ಮ ಹಿತ್ತಲದಲ್ಲಿ ಕಾರಂಜಿ.


ಇಂಡಿ ನಿಂಬಿ, ಜೂನ್ 24

ಇದು ಓದಿ ಸುಮ್ನ ಕೂಡಲಿಕ್ಕ ಆಗಲಿಲ್ಲ. ನಮ್ಮ ಸೋದರಮಾವನ ಮನ್ಯಾಗ ಹಿಂಗೇ ಆಗ್ಯದ. ಹಳ್ಳಿ ಮನಿ, ತೊಗರಿ ಕಟಗಿಗೆ ಏನೂ ಕಡಿಮಿ ಇಲ್ಲ. ಬಾಯ್ಲರಿಗೆ ವೆಂಟ್ ಪೈಪ್ ಇತ್ತು, ಸರಿನೇ ಹಾಕಿದ್ರು. ಆದ್ರ ಅದರ ತುದಿಯಿಂದ ಆಗಾಗ ಕೆಂಪು ನೀರು ಹನಿತಿತ್ತು, ಹೊಸಾ ಸುಣ್ಣ ಹಚ್ಚಿದ ಗ್ವಾಡಿ ಮ್ಯಾಲ ಗೆರಿ ಬೀಳತಿತ್ತು. ಅದನ್ನ ನೋಡಲಾರದ ಯಾರೋ ಒಬ್ಬ ಕೆಲಸದವ ವೆಂಟಿಗೆ ಒಂದು ಬಾಲ್ ವಾಲ್ವ್ ಕೂಡ್ಸಿ ಹೋದ. "ಬೇಕಾದಾಗ ತೆಗೀರಿ" ಅಂದಾನಂತ.

ಯಾರು ತೆಗೀತಾರ? ಎರಡು ತಿಂಗಳ ಮ್ಯಾಲ ಮದುವಿ ಮನಿ, ಮಂದಿ ಭಾಳ, ಒಂದೇ ಸಮನ ಉರಿ ಹಾಕ್ಯಾರ. ಯಾರೂ ನಳ ತೆರದಿಲ್ಲ, ಎಲ್ಲಾರೂ ಚಹಾ ಕುಡಕೋತ ಕೂತಾರ. ಮೊದಲ ಬಾಯ್ಲರ್ ಒಳಗ ಗುದ್ದಿದಂಗ ಸಪ್ಪಳ. ಆಮ್ಯಾಲ ತಳದ ಜೋಡು ಬಿಟ್ಟು ನೀರು ಉಗಿ ಎಲ್ಲಾ ಒಲಿಕಡೆ ಹೊಡೀತು. ಬೂದಿ ಕೆಂಡ ಹಾರಿ ದನದ ಕೊಟ್ಟಿಗಿ ತನಕ. ದೇವರ ದಯಾ, ಆ ಹೊತ್ತಿಗೆ ಒಲಿ ಮುಂದ ಯಾರೂ ಇದ್ದಿಲ್ಲ.

ಬಾಯ್ಲರ್ ಈಗೂ ಹಿತ್ತಲದಾಗ ಬಿದ್ದದ. ಹೊಟ್ಟಿ ಉಬ್ಬಿದ ಎಮ್ಮಿ ಕಂಡಂಗ ಕಾಣತದ.


ದೂರದ ಬೈಲಹೊಂಗಲ, ಜೂನ್ 24

ನಾನು ಬೈಲಹೊಂಗಲದವನು, ಈಗ ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯದಲ್ಲಿದ್ದೇನೆ. ಇಲ್ಲಿ ಬಹಳಷ್ಟು ಮನೆಗಳು ಚಳಿಗೆ ಎಣ್ಣೆಯ ಬಾಯ್ಲರನ್ನೇ ನೆಚ್ಚಿಕೊಂಡಿವೆ. ನೆಲಮಾಳಿಗೆಯಲ್ಲಿ 275 ಗ್ಯಾಲನ್, ಅಂದರೆ ಸಾವಿರ ಲೀಟರಿಗೂ ಸ್ವಲ್ಪ ಹೆಚ್ಚು ಎಣ್ಣೆ ಹಿಡಿಯುವ ಟ್ಯಾಂಕು. ಬಾಯ್ಲರ್ ನೀರು ಕಾಯಿಸುತ್ತದೆ, ಪಂಪು ಆ ನೀರನ್ನು ಕೋಣೆಕೋಣೆಯ ಗೋಡೆಗುಂಟ ಇರುವ ಪೈಪಿನಲ್ಲಿ ಸುತ್ತಿಸುತ್ತದೆ. ಸ್ನಾನಕ್ಕಲ್ಲ, ಮನೆಯೇ ಬೆಚ್ಚಗಿರಲು.

ಎಣ್ಣೆ ತುಟ್ಟಿಯಾದಾಗ ನಾನು ನಿಮ್ಮ ಹಾಗೆಯೇ ಯೋಚಿಸಿ ಅದರ ಪಕ್ಕಕ್ಕೆ ಕಟ್ಟಿಗೆ ಬಾಯ್ಲರ್ ಜೋಡಿಸಿದೆ. ನಿಮ್ಮ ಪ್ಲಂಬರ್ ಹೇಳಿದ ಮಾತನ್ನೇ ನಾನೂ ಹೇಳಿದ್ದೆ, ಒಂದು ಟೀ ಹಾಕಿದರೆ ಆಯಿತಲ್ಲ ಎಂದು. ಕೆಲಸಕ್ಕೆ ಬಂದ ಮುದುಕ ನಕ್ಕು ಒಂದೇ ಪ್ರಶ್ನೆ ಕೇಳಿದ: "ನಡುರಾತ್ರಿ ಕರೆಂಟ್ ಹೋದರೆ?" ಎಣ್ಣೆ ಬಾಯ್ಲರ್ ಕರೆಂಟ್ ಹೋದೊಡನೆ ತಾನೇ ಆರುತ್ತದೆ. ಕಟ್ಟಿಗೆ ಬಾಯ್ಲರಿನ ಪಂಪು ನಿಲ್ಲುತ್ತದೆ, ಬೆಂಕಿ ನಿಲ್ಲುವುದಿಲ್ಲ.

ಇಲ್ಲಿನದು ಮುಚ್ಚಿದ ವ್ಯವಸ್ಥೆ, ಮೇಲೆ ತೆರೆದ ಬಾಯಿ ಇಲ್ಲ. ತಣ್ಣಗಿದ್ದಾಗ 12 ಪಿಎಸ್‌ಐ ಒತ್ತಡ, 30ಕ್ಕೆ ಬಿಚ್ಚಿಕೊಳ್ಳುವ ರಿಲೀಫ್ ವಾಲ್ವ್, ನೀರು ಉಬ್ಬಿದರೆ ಜಾಗ ಕೊಡಲು ರಬ್ಬರ್ ಚೀಲದ ಎಕ್ಸ್‌ಪಾನ್ಷನ್ ಟ್ಯಾಂಕು. ಇಷ್ಟು ಸಾಲದೆಂದು ಮುದುಕ ಇನ್ನೊಂದು ಹಾಕಿಕೊಟ್ಟ. ಕರೆಂಟ್ ಇದ್ದಾಗ ಮುಚ್ಚಿರುವ, ಹೋದೊಡನೆ ಸ್ಪ್ರಿಂಗಿನಿಂದ ತಾನೇ ತೆರೆದುಕೊಳ್ಳುವ ವಾಲ್ವ್. ಅದು ತೆರೆದರೆ ಬಿಸಿನೀರು ಪಂಪಿಲ್ಲದೆ ತಾನೇ ಮೇಲೆದ್ದು ಮಹಡಿಯ ಪೈಪುಗಳಿಗೆ ಹೋಗಿ ಶಾಖ ಬಿಟ್ಟು ಕೆಳಗಿಳಿಯುತ್ತದೆ. 1998ರ ಜನವರಿಯಲ್ಲಿ ಇಲ್ಲಿ ಮಂಜುಗಡ್ಡೆಯ ಮಳೆ ಬಿದ್ದು ಎಷ್ಟೋ ಊರುಗಳಿಗೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಈ ಕಡೆಯ ಹಳೆಯ ಕೆಲಸಗಾರರು ಈಗಲೂ ಆ ವಾರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಪೈಪು ಜೋಡಿಸುತ್ತಾರೆ.

ಎರಡು ಬಾಯ್ಲರಿಗೆ ಒಂದೇ ಚಿಮಣಿ ಬೇಡ ಎಂದೂ ಆತ ಹಟ ಹಿಡಿದ. ಕಟ್ಟಿಗೆಯ ಹೊಗೆ ಎಣ್ಣೆ ಬಾಯ್ಲರಿನ ಬಾಯಿಂದ ಮನೆಯೊಳಗೆ ಇಳಿಯಬಹುದಂತೆ. ನಿಮಗೆ ಆ ಗೋಜಿಲ್ಲ, ಸೋಲಾರಿಗೆ ಹೊಗೆಯೇ ಇಲ್ಲವಲ್ಲ.


ಕ್ಯಾಂಪಿನ ಕಾಕಾ, ಜೂನ್ 24

ಬೈಲಹೊಂಗಲದ ತಮ್ಮಾ, ಭಾಳ ಚಲೋ ಬರದಿ. ಅಲ್ಲಿ ನಿಮಗ ಕರೆಂಟ್ ಹೋಗೂದ ಅಂಜಿಕಿ. ಇಲ್ಲಿ ಕರೆಂಟ್ ಹೋದ್ರ ಬಂಬಕ್ಕ ಏನೂ ಆಗೂದಿಲ್ಲ, ನೀರು ಹೋದ್ರ ಆಗತೈತಿ. ತಾರಸಿ ಟಾಕಿ ಖಾಲಿ ಐತಿ, ಯಾರೂ ನೋಡಿಲ್ಲ, ಉರಿ ಹಚ್ಚ್ಯಾರ. ಒಳಗಿನ ನೀರು ಬತ್ತಿ ತಗಡು ಕೆಂಪಗ ಆದ ಮ್ಯಾಲ ಮೋಟಾರ್ ಚಾಲೂ ಮಾಡಿದ್ರ ಕಾದ ಹಂಚಿನ ಮ್ಯಾಲ ನೀರು ಹೊಡದಂಗ. ಅದಕ್ಕ ಕಡ್ಡಿ ಗೀರೂಕಿಂತ ಮೊದಲ ಬಚ್ಚಲದ ಬಿಸಿನೀರ ನಳ ತಿರವಿ ಧಾರಿ ಬರತೈತೋ ಇಲ್ಲೋ ನೋಡಬೇಕು. ನಮ್ಮ ಮನ್ಯಾಗ ಇದು ಹುಡುಗುರಿಗೂ ಗೊತ್ತೈತಿ.


ಹಿತ್ತಲಮನಿ, ಜೂನ್ 25

ಪ್ಲಂಬರಿಗೆ ಎಲ್ಲಾ ಓದಿ ಹೇಳಿದೆ. ಬೇಜಾರ ಮಾಡಕೊಳ್ಳಲಿಲ್ಲ ಪಾಪ, "ಹಂಗಾರ ನೀವ ಚಿತ್ರ ತೆಗದು ಕೊಡ್ರಿ, ನಾ ಮಾಡ್ತೀನಿ" ಅಂದ. ಈಗ ಕೇಳಬೇಕಾದ್ದು ಏನಂದ್ರ, ಎನ್‌ಆರ್‌ವಿ ಬ್ಯಾಡ, ವೆಂಟ್ ಬೇಕು, ಸರಿ. ಆದ್ರ ನೀರು ಹರಿಯೂ ಹಾದಿ ಹೆಂಗ? ಸೋಲಾರೂ ಬಾಯ್ಲರೂ ಒಂದಕ್ಕೊಂದು ಬಗಲಿಗೆ ಇಟ್ಟು ಟೀ ಹಾಕೂದೋ, ಅಥವಾ ಸೋಲಾರ್ ನೀರನ್ನ ಬಾಯ್ಲರ್ ಒಳಗ ಹಾಯಿಸೂದೋ?


18ರ ಪಾನಾ, ಜೂನ್ 25

ಬಗಲಿಗಿಟ್ಟು ಟೀ ಹಾಕಿದರೆ ನಳ ತೆರೆದಾಗ ಎರಡೂ ಕಡೆಯಿಂದ ನೀರು ಬರುತ್ತದೆ. ಮಳೆಗಾಲದಲ್ಲಿ ಸೋಲಾರಿನ ಉಗುರುಬೆಚ್ಚಗಿನ ನೀರು ಬಾಯ್ಲರಿನ ಬಿಸಿನೀರಿಗೆ ಬೆರೆತು ಎರಡೂ ಕೆಡುತ್ತವೆ. ದಿನಾ ವಾಲ್ವ್ ತಿರುವುತ್ತ ಕೂರಬೇಕು.

ಒಂದರ ಹಿಂದೊಂದು ಇಡಿ. ಸೋಲಾರಿನಿಂದ ಇಳಿಯುವ ಬಿಸಿನೀರ ಪೈಪು ಬಾಯ್ಲರಿನ ತಳಕ್ಕೆ ಹೋಗಲಿ, ಬಾಯ್ಲರಿನ ನೆತ್ತಿಯಿಂದ ಬಚ್ಚಲಕ್ಕೆ ಬರಲಿ. ಮೋಡದ ದಿನವೂ ಗಾಜಿನ ಕೊಳವೆ 30, 35 ಡಿಗ್ರಿಯ ತನಕ ನೀರು ಬೆಚ್ಚಗೆ ಮಾಡಿರುತ್ತದೆ. ಆ ಪುಕ್ಕಟೆ ಶಾಖ ವ್ಯರ್ಥವಾಗುವುದಿಲ್ಲ, ಬಾಯ್ಲರ್ ಮಿಕ್ಕಿದ್ದನ್ನಷ್ಟೇ ಏರಿಸಿದರೆ ಸಾಕು. ಕಟ್ಟಿಗೆ ಮೂರು ಕಿಲೋ ಬದಲು ಎರಡಕ್ಕೆ ಬರುತ್ತದೆ.

ಬೇಸಿಗೆಯಲ್ಲಿ ಮಾತ್ರ ಇದು ಉಲ್ಟಾ. ಉರಿಯಿಲ್ಲದ ಬಾಯ್ಲರಿನ ನಡುಗೊಳವೆಯಲ್ಲಿ ಗಾಳಿ ಎಳೆಯುತ್ತಲೇ ಇರುತ್ತದೆ, ಸೋಲಾರಿನ ಬಿಸಿನೀರು ಅದರೊಳಗೆ ನಿಂತರೆ ಆರುತ್ತದೆ. ಆಗ ಬಾಯ್ಲರ್ ತಪ್ಪಿಸಿ ಹೋಗಲು ಅಡ್ಡದಾರಿ ಬೇಕು. ಸಾಮಾನ್ಯವಾಗಿ ಇದಕ್ಕೆ ಮೂರು ವಾಲ್ವ್ ಹಾಕುತ್ತಾರೆ. ನಾನು ಎರಡೇ ಹಾಕುತ್ತೇನೆ, ಅಡ್ಡದಾರಿಗೊಂದು, ಬಾಯ್ಲರಿನಿಂದ ಹೊರಬರುವ ಪೈಪಿಗೊಂದು, ಅದೂ ವೆಂಟ್ ಕವಲೊಡೆದ ಮೇಲೆ. ಬಾಯ್ಲರಿಗೆ ನೀರು ಬರುವ ಕಡೆ ವಾಲ್ವ್ ಬೇಡ. ಯಾರೋ ಅದನ್ನು ಮುಚ್ಚಿ ಮರೆತು ಉರಿ ಹಾಕುವ ದಿನ ಬಂದೇ ಬರುತ್ತದೆ.


ಗೋಕಾಕ ಕರದಂಟು, ಜೂನ್ 25

ಸೋಲಾರಿಗೆ ಒಂದು ವೆಂಟ್ ಐತೆಲ್ಲಾ? ಒಂದರ ಹಿಂದೊಂದು ಜೋಡಿಸಿದ್ಮ್ಯಾಲ ಬಾಯ್ಲರ್ ಉಬ್ಬಿದ ನೀರು ತಳದ ಪೈಪಿನಿಂದ ವಾಪಸ್ ಸೋಲಾರಿಗೆ ಹೋಗಿ ಆ ವೆಂಟಿನ್ಯಾಗ ಹೋಗ್ಲಿ. 8 ಮೀಟರ್ ಜಿಐ ಪೈಪಿನ ರೊಕ್ಕ ಉಳೀತಲ್ರಿ.


18ರ ಪಾನಾ, ಜೂನ್ 25

ನೀರು ಹಿಂದಕ್ಕೆ ಹೋಗುತ್ತದೆ, ಒಪ್ಪಿದೆ. ಉಗಿ ಹೋಗುವುದಿಲ್ಲ. ಉಗಿ ನೆತ್ತಿಯಲ್ಲಿ ಕೂರುತ್ತದೆ, ತಳದ ಪೈಪಿಗೆ ಇಳಿಯಬೇಕಾದರೆ ಮೊದಲು ಬಾಯ್ಲರಿನ ಪೂರಾ ನೀರನ್ನು ಕೆಳಗೆ ತಳ್ಳಬೇಕು. ಅಷ್ಟು ಹೊತ್ತಿಗೆ ಮೇಲಿನ ಅರ್ಧ ಬಾಯ್ಲರ್ ಒಣಗಿ ತಗಡು ಸುಡುತ್ತಿರುತ್ತದೆ. ಇದೊಂದರಲ್ಲಿ ರೊಕ್ಕ ಉಳಿಸಬೇಡಿ.


ಗೋಕಾಕ ಕರದಂಟು, ಜೂನ್ 25

ತಪ್ಪಾತ್ರಿ. ಉಗಿ ವಿಚಾರ ತಲ್ಯಾಗ ಬಂದಿದ್ದಿಲ್ಲ.


ಇಳಕಲ್ಲ ಸೆರಗು, ಜೂನ್ 26

ಅಣ್ಣಾರ, ಬಾಯ್ಲರ್ ತಗೊಳ್ಳೂಕಿಂತ ಮೊದಲ ನಿಮ್ಮ ನೀರು ಯಾವುದು ಹೇಳ್ರಿ. ನಮ್ಮ ಕಡೆ ಎಲ್ಲಾ ಬೋರಿನ ನೀರು, ತುಂಬಾ ಗಡಸು. ನಾವು ಒಳಗ ಸುರುಳಿ ಪೈಪ್ ಇರೋ ಬಾಯ್ಲರ್ ತಗೊಂಡಿದ್ವಿ, ಜಲ್ದಿ ಕಾಯ್ತೈತಿ ಅಂತ ಹೇಳಿ ಮಾರಿದ್ರು. ಕಾಯ್ತಿತ್ತು ಖರೆ. ಒಂದೂವರೆ ವರ್ಷಕ್ಕ ನಳದಾಗ ಧಾರಿ ದಾರದಷ್ಟಾತು. ಉರಿ ಹಾಕಿದ್ರ ಒಳಗ ಅಳ್ಳು ಹುರದಂಗ ಚಟಪಟ. ಬಿಚ್ಚಿ ನೋಡಿದ್ರ ಪೈಪಿನೊಳಗ ಬೆರಳು ದಪ್ಪ ಸುಣ್ಣ ಕಟ್ಟಿ ನಡುವ ಪೆನ್ಸಿಲ್ ಹೋಗುವಷ್ಟು ತೂತು ಉಳದಿತ್ತು.

ನೀರು ಕಾದಷ್ಟೂ ಸುಣ್ಣ ಜಾಸ್ತಿ ಕೂಡ್ರತೈತಿ, ಸೋಲಾರಿಗಿಂತ ಬೆಂಕಿ ಬಾಯ್ಲರಿಗೆ ಇದರ ಕಾಟ ಹೆಚ್ಚು. ಈಗಿನದ್ದು ಸುರುಳಿ ಇಲ್ಲದ್ದು, ನಡುವ ನೆಟ್ಟಗ ದಪ್ಪ ಕೊಳವಿ. ತಳದಾಗ ಒಂದು ಡ್ರೇನ್ ನಳ, ಬಗಲಿಗೆ ಕೈ ಹೋಗುವಷ್ಟು ಬೋಲ್ಟಿನ ಮುಚ್ಚಳ ಮಾಡ್ಸೀವಿ. ತಿಂಗಳಿಗೊಮ್ಮೆ ಡ್ರೇನ್ ತೆಗದ್ರ ಬಿಳೀ ರಾಡಿ ಬರ್ತೈತಿ. ವರ್ಷಕ್ಕೊಮ್ಮೆ ನಿಂಬಿ ಉಪ್ಪು (ಸಿಟ್ರಿಕ್ ಆ್ಯಸಿಡ್) ಕಲಸಿದ ನೀರು ರಾತ್ರಿ ಪೂರಾ ಇಟ್ಟು ಮರುದಿನ ತೊಳೀತೀವಿ.


ಹಿತ್ತಲಮನಿ, ಜೂನ್ 26

ಅಕ್ಕಾರ, ನಮ್ಮದು ರಾಕಸಕೊಪ್ಪ ಡ್ಯಾಮಿನ ನೀರು, ಮೆತ್ತಗಿನದು. ಆದ್ರೂ ಆ ಬೋಲ್ಟಿನ ಮುಚ್ಚಳ ಹೇಳಿ ಮಾಡಿಸ್ತೀನಿ. ಸ್ಟೀಲೋ ತಾಮ್ರೋ ಅನ್ನೂದು ಇನ್ನೂ ತೀರ್ಮಾನ ಆಗಿಲ್ಲ. ಅವ್ವಾ ತಾಮ್ರ ಅಂತಾಳ. ರೇಟು ಕೇಳಿ ನಾ ಸ್ಟೀಲ್ ಅಂತೀನಿ.


18ರ ಪಾನಾ, ಜೂನ್ 26

ತಾಮ್ರ ಒಳ್ಳೆಯದೇ. ಆದರೆ ತಾಮ್ರದ ಬಾಯ್ಲರಿಗೆ ಜಿಐ ಪೈಪನ್ನು ನೇರ ಜೋಡಿಸಿದರೆ ಪೈಪು ಬೇಗ ತುಕ್ಕು ಹಿಡಿಯುತ್ತದೆ, ನಡುವೆ ಹಿತ್ತಾಳೆಯ ಜೋಡಣೆ ಹಾಕಬೇಕು. ನಿಮ್ಮ ನೀರಿಗೆ 304 ದರ್ಜೆಯ ಸ್ಟೀಲ್ ಸಾಕು. ಮನೆಯೊಳಗಿನದು ಸಿಪಿವಿಸಿ, ಅಂದರೆ ಬಿಸಿನೀರಿನ ಪ್ಲಾಸ್ಟಿಕ್ ಪೈಪ್ ಎಂದುಕೊಳ್ಳುತ್ತೇನೆ. ಅದನ್ನು ಬಾಯ್ಲರಿಗೆ ನೇರ ಅಂಟಿಸಬೇಡಿ, ಕುದಿಯುವ ನೀರಿಗೆ ಅದು ತಡೆಯುವುದಿಲ್ಲ. ಹೊರಡುವ ಕಡೆ ಐದಾರು ಫೂಟು ಲೋಹದ ಪೈಪೇ ಇರಲಿ, ಒಳಬರುವ ಕಡೆಯೂ ಎರಡು ಫೂಟು. ಸಾದಾ ಬಿಳಿ ಪಿವಿಸಿ ಎಲ್ಲಿಯಾದರೂ ಕಂಡರೆ ಕಿತ್ತು ಹಾಕಿ, 60 ಡಿಗ್ರಿಗೇ ಮೆತ್ತಗಾಗುತ್ತದೆ.

ಇನ್ನೊಂದು, ಸೋಲಾರಿನ ನೀರಿಗೂ ಇದಕ್ಕೂ ವ್ಯತ್ಯಾಸವಿದೆ. ಇದು 90 ಡಿಗ್ರಿಯ ತನಕ ಬರಬಹುದು. ಬಕೇಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿ. ಮಕ್ಕಳಿದ್ದರೆ ಗಟ್ಟಿಯಾಗಿ ಹೇಳಿಡಿ.


ಹಿತ್ತಲಮನಿ, ಜುಲೈ 14

ಕೆಲಸ ಆತ್ರಿ. ಸ್ಟೀಲ್ ಬಾಯ್ಲರ್, ಒಂದರ ಹಿಂದೊಂದು, ಎರಡೇ ವಾಲ್ವ್, ಒಂದಿಂಚಿನ ವೆಂಟ್ ಗ್ವಾಡಿಗುಂಟ ತಾರಸಿ ಮ್ಯಾಲ ತನಕ. ತುದಿ ಕೊಕ್ಕಿ ಮಾಡಿ ಕಾಗಿ ಗೂಡು ಕಟ್ಟಬಾರದಂತ ಜಾಳಗಿ ಬಿಗದೀವಿ. ಎರಡೂ ಬಚ್ಚಲಕ್ಕ ನೀರು ಬಂತು.

ಆದ್ರ ಒಂದು ವಿಚಿತ್ರ. ಬಾಯ್ಲರ್ ತಣ್ಣಗಿದ್ದಾಗ ವೆಂಟಿನಿಂದ ಒಂದು ಹನಿ ಇಲ್ಲ. ಉರಿ ಹಾಕಿ ಮುಕ್ಕಾಲು ತಾಸಿಗೆ ತಾರಸಿ ಮ್ಯಾಲ ನೀರು ಸುರೀತೈತಿ. ಸಣ್ಣಗಲ್ಲ, ಕಿರುಬೆರಳು ದಪ್ಪ ಧಾರಿ. ಉರಿ ಇಳದ್ರ ನಿಲ್ಲತೈತಿ. ಪ್ಲಂಬರ್ ಮತ್ತ "ಎನ್‌ಆರ್‌ವಿ" ಅಂದ, ಅವನ ಮುಖಾ ನೋಡಿದೆ, ಸುಮ್ನಾದ. ವೆಂಟಿನ ತುದಿ ಟಾಕಿ ನೀರಿಗಿಂತ ಮ್ಯಾಲ ಐತಿ, ನಾನ ಟೇಪ್ ಹಿಡದು ನೋಡೀನಿ, ಅರ್ಧ ಫೂಟ್ ಮ್ಯಾಲ.


ಇಂಡಿ ನಿಂಬಿ, ಜುಲೈ 14

ವಾಲ್ವ್ ಮಾತ್ರ ಹಾಕಬ್ಯಾಡ್ರಿ ಕೈ ಮುಗೀತೀನಿ.


18ರ ಪಾನಾ, ಜುಲೈ 14

ಇದು ನನ್ನ ತಪ್ಪು, ಎಷ್ಟು ಮೇಲೆ ಇರಬೇಕೆಂದು ನಾನು ಹೇಳಲಿಲ್ಲ.

ಬಿಸಿನೀರು ತಣ್ಣೀರಿಗಿಂತ ಹಗುರ. 20 ಡಿಗ್ರಿಯ ನೀರು 80 ಡಿಗ್ರಿಯ ನೀರಿಗಿಂತ ನೂರಕ್ಕೆ 2.7ರಷ್ಟು ಭಾರ. ಒಂದು ಕಡೆ ಟಾಕಿ ಸೋಲಾರಿನಿಂದ ಇಳಿದ ತಣ್ಣೀರ ಕಂಬ, ಇನ್ನೊಂದು ಕಡೆ ಬಾಯ್ಲರಿನಿಂದ ವೆಂಟ್ ತುದಿಯ ತನಕ ಬಿಸಿನೀರ ಕಂಬ. ತಕ್ಕಡಿಯ ಎರಡು ಪರಡಿಯಂತೆ ತೂಗುತ್ತಿವೆ. ಹಗುರದ್ದು ಸಮತೂಕಕ್ಕೆ ಬರಬೇಕಾದರೆ ಎತ್ತರಕ್ಕೆ ಏರಲೇಬೇಕು. 8 ಮೀಟರಿಗೆ 2.7 ಎಂದರೆ ಸುಮಾರು 22 ಸೆಂಟಿಮೀಟರ್. ನೀವು ಬಿಟ್ಟಿದ್ದು ಅರ್ಧ ಫೂಟ್, 15 ಸೆಂಟಿಮೀಟರ್. ಕುದಿಯ ಗುಳ್ಳೆ ಬೆರೆತರೆ ಇನ್ನೂ ಹಗುರ, ಇನ್ನೂ ಏರುತ್ತದೆ. ಎರಡು ಫೂಟ್ ಏರಿಸಿ.


ಕ್ಯಾಂಪಿನ ಕಾಕಾ, ಜುಲೈ 14

22 ಸೆಂಟಿಮೀಟರ್ ಅಂದ್ರ ಒಂದು ಗೇಣು. ಹಿಂದಿನ ಗೌಂಡಿಗಳು "ವೆಂಟ್ ಟಾಕಿಕಿಂತ ಒಂದು ಮೊಳ ಮ್ಯಾಲ" ಅಂತಿದ್ರು, ಯಾಕ ಅಂತ ಕೇಳಿದ್ರ "ಹಂಗ ಇರತೈತಿ" ಅಂತಿದ್ರು. ಎಪ್ಪತ್ತೊಂದನೇ ವಯಸ್ಸಿಗೆ ಗೊತ್ತಾತು ನೋಡಪಾ ಯಾಕ ಅಂತ.


ದೂರದ ಬೈಲಹೊಂಗಲ, ಜುಲೈ 15

ನಮ್ಮ ಮನೆಯಲ್ಲಿ ಕರೆಂಟ್ ಹೋದಾಗ ನೀರು ಮಹಡಿಗೆ ತಾನೇ ಏರುವುದೂ ಇದೇ ತಕ್ಕಡಿಯಿಂದ. ಅಂದಹಾಗೆ ಕಟ್ಟಿಗೆ ಒಣಗಿದೆಯೇ? ಇಲ್ಲಿ ಕಡಿದ ಕಟ್ಟಿಗೆಯನ್ನು ಸೀಳಿ ಒಂದು ಬೇಸಿಗೆಯಾದರೂ ಗಾಳಿಗೆ ಇಟ್ಟ ಮೇಲೆಯೇ ಉರಿಸುತ್ತೇವೆ. ಹಸಿ ಕಟ್ಟಿಗೆಯಿಂದ ಚಿಮಣಿಯೊಳಗೆ ಡಾಂಬರಿನಂಥ ಮಸಿ ಕಟ್ಟುತ್ತದೆ, ಒಂದು ದಿನ ಅದಕ್ಕೇ ಬೆಂಕಿ ಹತ್ತುತ್ತದೆ.


ಹಿತ್ತಲಮನಿ, ಜುಲೈ 15

ಅಲ್ಲೇ ಐತ್ರಿ ತ್ರಾಸ. ಟ್ರ್ಯಾಕ್ಟರಿನ ಕಟಗಿ ಮಳ್ಯಾಗ ತೊಯ್ದೈತಿ. ನಿನ್ನೆ ಹೊಗಿ ಬಗಲಮನಿ ಅಕ್ಕಾರ ಒಣಾ ಹಾಕಿದ ಅರಬಿಗೆ ಹೊಡೀತು, ಈ ಹವಾದಾಗ ಅವು ಮೊದಲ ಮೂರು ದಿನಕ್ಕ ಒಣಗತಾವು. ಬಡಗಿ ಅಂಗಡ್ಯಾಗ ಪ್ಲೈವುಡ್ ತುಂಡು ಕೊಡ್ತೀನಿ ಅಂದಾರ, ತರಲೇನು?


ಕ್ಯಾಂಪಿನ ಕಾಕಾ, ಜುಲೈ 15

ತರಬ್ಯಾಡ. ಪ್ಲೈವುಡ್ಡಿನ ಅಂಟು, ಬಣ್ಣ ಸುಟ್ಟ ಹೊಗಿ ಕೆಟ್ಟದ್ದು, ಬಗಲಮನಿ ಅಕ್ಕ ಈ ಸಲ ಅರಬಿ ಹಿಡಕೊಂಡ ಬರತಾಳ. ತೆಂಗಿನ ಚಿಪ್ಪು, ಗೋಂಜಾಳ ತೆನಿಯ ಬೆಂಡು, ಒಣಾ ಕುಳ್ಳು ಇವನ್ನ ಈ ತಿಂಗಳು ನಡಸು. ಕಟಗಿ ಸಣ್ಣಗ ಸೀಳಿ ಶೆಡ್ಡಿನಾಗ ಬಾಯ್ಲರ್ ಬಗಲಿಗೆ, ಹತ್ತಲಾರದಷ್ಟು ದೂರ ಒಟ್ಟು. ಎರಡು ತುಂಡು ಒಂದಕ್ಕೊಂದು ಬಡದ್ರ ಠಣ್ ಅನ್ನಬೇಕು. ದಪ್ ಅಂದ್ರ ಇನ್ನೂ ಹಸಿ.

ಚಿಮಣಿ ಪತ್ರಾಕಿಂತ ಮ್ಯಾಲ ಒಂದಾಳ ಎತ್ತರ ಒಯ್ಯಿ. ಶೆಡ್ಡಿಗೆ ಗ್ವಾಡಿ ಕಟ್ಟಿ ಬಚ್ಚಲಮನಿ ಮಾಡೂ ವಿಚಾರ ಇದ್ರ ಇವತ್ತ ಬಿಟ್ಟಬಿಡು. ಮುಚ್ಚಿದ ಕ್ವಾಣ್ಯಾಗ ಕೆಂಡದ ವಿಷಗಾಳಿಗೆ ವಾಸನಿ ಇರೂದಿಲ್ಲ.


ಹಿತ್ತಲಮನಿ, ಆಗಸ್ಟ್ 3

ಎಲ್ಲಾರಿಗೂ ಹೇಳಬೇಕಂತ ಬರಿಲಿಕ್ಕತ್ತೀನಿ. ವೆಂಟ್ ಎರಡು ಫೂಟ್ ಏರಿಸಿದ ದಿನದಿಂದ ಒಂದು ಹನಿ ಬಿದ್ದಿಲ್ಲ. ಜುಲೈ ಬಿಲ್ಲು ಸೊನ್ನಿ ಬಂತು. ಚಿಮಣಿ ಏರಿಸಿದ ಮ್ಯಾಲ ಬಗಲಮನಿ ಅಕ್ಕಾರೂ ಮಾತಾಡಾಕ ಹತ್ಯಾರ.

ನಾ ಎಣಸಲಾರದ್ದು ಒಂದು ಆಗೈತಿ. ನಳದಾಗ ನೀರು ಬರ್ತೈತಿ, ಹಿತ್ತಲಕ್ಕ ಹೋಗೂ ಕೆಲಸನ ಇಲ್ಲ ಅಂದ್ರೂ ಅವ್ವಾ ಮುಂಜಾನೆ ಐದಕ್ಕ ಎದ್ದು ಬಾಯ್ಲರ್ ಮುಂದ ಮಣಿ ಹಾಕ್ಕೊಂಡು ಕೂಡ್ರತಾಳ. ಹುಡುಗುರು ಅಲ್ಲೇ ಹೋಗಿ ಗೋಂಜಾಳ ತೆನಿ ಸುಡತಾವು. ನೀರು ಕಾದು ತಾಸಾದ್ರೂ ಉರಿ ಆರಸಾಕ ಬಿಡವಲ್ರು. ಲೆಕ್ಕದ ವಹಿಯವರ, ದಿನಕ್ಕ ಮೂರು ಕಿಲೋ ಅಂದಿದ್ರಿ, ಐದು ಕಿಲೋ ಹೊಂಟೈತಿ.


ಲೆಕ್ಕದ ವಹಿ, ಆಗಸ್ಟ್ 3

ತೆನೆಯ ಕಾಲಮ್ಮು ನನ್ನ ವಹಿಯಲ್ಲಿ ಇರಲಿಲ್ಲ.


ಕ್ಯಾಂಪಿನ ಕಾಕಾ, ಆಗಸ್ಟ್ 3

ಒಂದು ಹೇಳೂದು ಬಿಟ್ಟಿದ್ದೆ ತಮ್ಮಾ. ಬೂದಿ ಅವತ್ತ ತೆಗೀಬ್ಯಾಡ, ಮ್ಯಾಲ ತಣ್ಣಗ ಕಂಡ್ರೂ ಒಳಗ ಕೆಂಡ ಇರತಾವು. ಮರುದಿನ ತಗಡಿನ ಡಬ್ಬಿಗೆ ತೆಗಿ, ಪ್ಲಾಸ್ಟಿಕ್ ಬುಟ್ಟಿ ಬ್ಯಾಡ.


ಹಿತ್ತಲಮನಿ, ಆಗಸ್ಟ್ 3

ನಿನ್ನೆನ ಒಂದು ಬುಟ್ಟಿ ಸುಟ್ಟೀನ್ರಿ ಕಾಕಾರ.